ತೆಂಗಿನ ಪಾತಿಯಲ್ಲೊಂದು ಬಿಳಿ ಸಸಿ

ಉಡುಪಿಯ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು ಇದು. ಆಮೇಲೆ ಕೂತು ಬರೆಯುವಾಗ ಕೆಲವು ಕಡೆ ಸ್ವಲ್ಪ ಬಿಡಿಸಿ ಹೇಳಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಳೆ ಜೋರಾಗಿದೆ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಜಾಗ ಇದೆ.

ನಿಮ್ಮ ವಿಭಾಗದವರು ನನಗೆ ಕೊಟ್ಟ ವಿಷಯ ಇಷ್ಟು: ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಮೇಲೆ ಕೆಲಸ ಮಾಡುವವರ ಬದುಕು ಹೇಗಿರುತ್ತದೆ? ಎಲ್ಲಿ ಓದುತ್ತಾರೆ, ದಿನವಿಡೀ ಏನು ಮಾಡುತ್ತಾರೆ? ಮೂವತ್ತು ವರ್ಷಕ್ಕೂ ಜಾಸ್ತಿ ನಾನು ಅದನ್ನೇ ಮಾಡಿಕೊಂಡು ಬಂದವಳು. ಎಲ್ಲಿಂದ ಶುರು ಮಾಡಲಿ ಎಂದು ನಿನ್ನೆ ರಾತ್ರಿ ಯೋಚಿಸಿದೆ. ಕೊನೆಗೆ ನಮ್ಮ ಮನೆಯ ಬಾವಿಕಟ್ಟೆಯ ಪಕ್ಕದ ತೆಂಗಿನ ಪಾತಿಯಿಂದಲೇ ಶುರು ಮಾಡುವುದು ಸರಿ ಅನಿಸಿತು.

ನಮ್ಮ ಮನೆ ಶಂಕರಪುರದ ಹತ್ತಿರ. ಅಪ್ಪನಿಗೆ ಒಂದಷ್ಟು ತೆಂಗು, ಅಮ್ಮನಿಗೆ ಮಲ್ಲಿಗೆ ಗಿಡಗಳು. ಅಪ್ಪ ಪ್ರತಿ ವರ್ಷ ಒಳ್ಳೆಯ ಮರದ ಕಾಯಿಗಳನ್ನು ಆರಿಸಿ ಮರಳು ಹಾಕಿದ ಪಾತಿಯಲ್ಲಿ ಸಾಲಾಗಿ ಇಡುತ್ತಿದ್ದರು. ಮೊಳಕೆ ಬರಲು ಮೂರು ನಾಲ್ಕು ತಿಂಗಳು ಬೇಕು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಆ ಸಾಲಿನಲ್ಲಿ ಒಂದು ಸಸಿ ಬಿಳಿಯಾಗಿ ಬಂತು. ಬಾಡಿ ಹಳದಿಯಾದದ್ದಲ್ಲ. ಮೇಣದ ಬತ್ತಿಯ ಹಾಗೆ ಬಿಳಿ. ಬುಡದಿಂದ ತುದಿಯವರೆಗೆ ಎಲ್ಲೂ ಹಸಿರಿನ ಗೆರೆ ಇಲ್ಲ.

"ಉಂದು ಬರ್ಪುಜಿ ಮಗಾ" ಎಂದರು ಅಪ್ಪ. ಇದು ಬರುವುದಿಲ್ಲ. ತೆಂಗು ಬೆಳೆಯುವವರಿಗೆ ಇದು ಹೊಸತಲ್ಲ, ಪಾತಿಯಲ್ಲಿ ಒಮ್ಮೊಮ್ಮೆ ಇಂಥದ್ದು ಬರುತ್ತದೆ, ಕಿತ್ತು ಎಸೆಯುತ್ತಾರೆ. ಅಪ್ಪ ಕೈ ಹಾಕಿದರು. ನಾನು ಅಳಲು ಶುರು ಮಾಡಿದೆ. ಅವರು ಬಿಟ್ಟುಬಿಟ್ಟರು.

ಸಸಿ ಬೆಳೆಯಿತು. ಅದೇ ನನಗೆ ಆಶ್ಚರ್ಯ. ಎರಡನೇ ಎಲೆ ಬಂತು, ಮೂರನೆಯದೂ ಬಂತು, ಎಲ್ಲವೂ ಬಿಳಿ. ದಿನಾ ಶಾಲೆಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ನೋಡುತ್ತಿದ್ದೆ. ಏಳು ತಿಂಗಳಾದ ಮೇಲೆ ತುದಿ ಕಂದಾಯಿತು, ಆಮೇಲೆ ಹದಿನೈದು ದಿನದಲ್ಲಿ ಎಲ್ಲ ಮುಗಿಯಿತು. ಅಪ್ಪ ಕತ್ತಿಯಿಂದ ಆ ಕಾಯಿಯನ್ನು ಒಡೆದು ತೋರಿಸಿದರು. ಒಳಗೆ ತಿರುಳು ಒಂದು ಚೂರೂ ಇರಲಿಲ್ಲ. ಮೊಳಕೆ ಕಾಯಿ ಒಡೆದಾಗ ನಾವು ತಿನ್ನುವ ಆ ಸಿಹಿಯಾದ ಮೆತ್ತನೆಯ ಉಂಡೆ ಇರುತ್ತದಲ್ಲ, ಅದೂ ಒಣಗಿ ಹತ್ತಿಯ ಹಾಗಾಗಿತ್ತು. "ನೋಡು, ಬುತ್ತಿ ಮುಗಿಯಿತು" ಎಂದರು.

ಏಳು ತಿಂಗಳು ಹೇಗೆ ಬದುಕಿತು ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ತಾಯಿ ಮರ ಕಟ್ಟಿಕೊಟ್ಟ ಬುತ್ತಿ ಇರುವಷ್ಟು ದಿನ ಬದುಕಿತು. ಆದರೆ ಬಿಳಿ ಯಾಕಾಯಿತು? ಅದೇ ಮರದ ಉಳಿದ ಕಾಯಿಗಳೆಲ್ಲ ಹಸಿರಾಗಿ ಬಂದಿವೆ. ಮಣ್ಣು, ನೀರು, ಬಿಸಿಲು ಎಲ್ಲ ಒಂದೇ. ಈ ಪ್ರಶ್ನೆ ನನ್ನ ಜೊತೆ ಉಡುಪಿಗೆ ಬಂತು, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಬಂತು, ಬೆಂಗಳೂರಿಗೆ, ಜರ್ಮನಿಗೆ, ಮತ್ತೆ ಊರಿಗೂ ಬಂತು. ನನ್ನ ವೃತ್ತಿ ಏನು ಎಂದು ಯಾರಾದರೂ ಕೇಳಿದರೆ, ಆ ಸಸಿ ಯಾಕೆ ಬಿಳಿ ಎಂದು ಹುಡುಕುವುದು ಅನ್ನುತ್ತೇನೆ. ಉಳಿದದ್ದೆಲ್ಲ ಅದರ ಸುತ್ತ ಬೆಳೆದದ್ದು.

ನಿಮ್ಮ ಲ್ಯಾಬಿನಲ್ಲಿ ಹೈಡ್ರಿಲ್ಲಾ ಎಂಬ ನೀರಿನ ಗಿಡ ಇರುತ್ತದೆ. ಇಲ್ಲದಿದ್ದರೆ ಯಾವುದಾದರೂ ಕೆರೆಯಲ್ಲಿ ಸಿಗುತ್ತದೆ. ಒಂದು ಎಲೆ ಕಿತ್ತು ಒಂದು ಹನಿ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಎಲೆ ಹಸಿರು ಅಂದುಕೊಂಡಿರುತ್ತೇವೆ, ಅಲ್ವಾ? ಬಣ್ಣ ಬಳಿದ ಹಾಗೆ ಎಲೆ ಪೂರ್ತಿ ಹಸಿರಲ್ಲ. ಜೀವಕೋಶ ಗಾಜಿನ ಹಾಗೆ ತಿಳಿಯಾಗಿರುತ್ತದೆ. ಅದರೊಳಗೆ ಹೆಸರು ಕಾಳಿನಂಥ ಹಸಿರು ಕಾಳುಗಳು. ಒಂದೊಂದೂ ಮಿಲಿಮೀಟರಿನ ಸಾವಿರ ಭಾಗದಲ್ಲಿ ಐದಾರು ಭಾಗದಷ್ಟು. ಸ್ವಲ್ಪ ಹೊತ್ತು ಕಾಯಿರಿ. ಅವು ಚಲಿಸುತ್ತವೆ. ಕೋಶದ ಗೋಡೆಯ ಬದಿಯಲ್ಲಿ ಒಂದರ ಹಿಂದೆ ಒಂದು, ರಥಬೀದಿಯಲ್ಲಿ ಜನ ಸುತ್ತು ಬರುವ ಹಾಗೆ. ಅವೇ ಕ್ಲೋರೋಪ್ಲಾಸ್ಟ್‌ಗಳು. ನಾವು ಊಟ ಮಾಡುವ ಅನ್ನ, ಉಸಿರಾಡುವ ಆಮ್ಲಜನಕ ಎರಡಕ್ಕೂ ಈ ಕಾಳುಗಳ ಋಣ ಇದೆ. ಆ ದೃಶ್ಯವನ್ನು ಮೊದಲ ಸಲ ನೋಡಿದ ದಿನ ನಾನು ಮಧ್ಯಾಹ್ನದ ಊಟಕ್ಕೆ ಹೋಗಲೇ ಇಲ್ಲ.

ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಹಿಲ್ ಅವರ ಪ್ರಯೋಗ ಮಾಡಿಸಿದರು. ರಾಬಿನ್ ಹಿಲ್ ಕೇಂಬ್ರಿಜ್‌ನವರು. 1937ರಲ್ಲಿ ಅವರು ತೋರಿಸಿದ್ದು ಇದು: ಎಲೆಯನ್ನು ಅರೆದು ಕ್ಲೋರೋಪ್ಲಾಸ್ಟ್ ಹೊರಗೆ ತೆಗೆದರೂ, ಸರಿಯಾದ ಒಂದು ರಾಸಾಯನಿಕ ಜೊತೆಗಿದ್ದು ಬೆಳಕು ಬಿದ್ದರೆ ಅದು ಆಮ್ಲಜನಕ ಬಿಡುತ್ತದೆ. ಗಿಡ ಇಲ್ಲ, ಬೇರು ಇಲ್ಲ, ಪೂರ್ತಿ ಎಲೆಯೂ ಇಲ್ಲ. ಬರೀ ಕಾಳುಗಳು. ಇಂಗಾಲದ ಡೈಆಕ್ಸೈಡನ್ನು ಸಕ್ಕರೆ ಮಾಡುವ ಕೆಲಸ ನಡೆಯದೆಯೂ ಆಮ್ಲಜನಕ ಬಂತು. ಅಂದರೆ ಅದು ನೀರಿನಿಂದ ಬರುತ್ತಿರಬೇಕು. 1941ರಲ್ಲಿ ಅಮೆರಿಕದಲ್ಲಿ ರೂಬೆನ್, ಕೇಮನ್ ಮತ್ತು ಅವರ ಜೊತೆಗಾರರು ಭಾರದ ಆಮ್ಲಜನಕ ಇರುವ ನೀರು ಬಳಸಿ ಅದಕ್ಕೆ ಗಟ್ಟಿ ಆಧಾರ ಕೊಟ್ಟರು. ಹಿಲ್ ಬಳಸಿದ ಎಲೆ ಯಾವುದು ಗೊತ್ತಾ? ದಾರಿ ಬದಿಯ ಕಳೆ ಗಿಡಗಳು. ದುಬಾರಿ ಗಿಡ ಯಾವುದೂ ಅಲ್ಲ. ಇದನ್ನು ನಾನು ಪ್ರತಿ ಊರಲ್ಲೂ ಹೇಳುತ್ತೇನೆ. ನಮ್ಮಲ್ಲಿ ಸೌಲಭ್ಯ ಇಲ್ಲ ಎಂದು ಮಕ್ಕಳು ಕುಗ್ಗುವುದನ್ನು ನೋಡಿದ್ದೇನೆ. ದೊಡ್ಡ ಯಂತ್ರ ಬೇಕಾಗುವ ಕೆಲಸ ಇದೆ, ನಿಜ. ಆದರೆ ಈ ಕ್ಷೇತ್ರದ ಎಷ್ಟೋ ದೊಡ್ಡ ಮಾತುಗಳು ಬೇಲಿಯ ಗಿಡದಿಂದಲೇ ಬಂದಿವೆ.

ನಮ್ಮ ಪ್ರಯೋಗಕ್ಕೆ ಪಾಲಕ್ ಸೊಪ್ಪು ಬೇಕಿತ್ತು. ಆಗ ಉಡುಪಿ ಮಾರ್ಕೆಟ್ಟಿನಲ್ಲಿ ಅದು ಅಪರೂಪ. ನಾನು ಮನೆಯ ಚಪ್ಪರದಿಂದ ಬಸಳೆ ತಂದೆ. ಪಾಲಕ್ ಬದಲಿಗೆ ಬಸಳೆ, ಏನು ಮಹಾ ವ್ಯತ್ಯಾಸ ಅಂತ. ಅರೆದರೆ ಪೂರ್ತಿ ಲೋಳೆ. ಬಟ್ಟೆಯಲ್ಲಿ ಸೋಸಿದರೆ ಇಳಿಯುವುದೇ ಇಲ್ಲ. ನಮ್ಮ ಸರ್ ಬಯ್ಯಲಿಲ್ಲ. "ನಾಳೆ ಹರಿವೆ ತಾ, ಕೆಂಪು ಬೇಡ, ಹಸಿರು" ಎಂದರು. ಹಸಿರು ಹರಿವೆಯಿಂದ ಕೆಲಸ ಆಯಿತು. ಸೋಸಿದ ರಸಕ್ಕೆ, ಕ್ಲೋರೋಪ್ಲಾಸ್ಟ್ ಕೆಲಸ ಮಾಡಿದರೆ ಬಣ್ಣ ಕಳೆದುಕೊಳ್ಳುವ ಒಂದು ನೀಲಿ ದ್ರಾವಣ ಹಾಕಿ ಎರಡು ಪ್ರನಾಳಕ್ಕೆ ತುಂಬಿದೆವು. ಒಂದಕ್ಕೆ ಕಪ್ಪು ಕಾಗದ ಸುತ್ತಿದೆವು. ಇನ್ನೊಂದರ ಮುಂದೆ 100 ವ್ಯಾಟಿನ ಬಲ್ಬು. ಬಿಸಿ ತಾಗಬಾರದೆಂದು ನಡುವೆ ನೀರು ತುಂಬಿದ ಬೀಕರು. ಹತ್ತು ನಿಮಿಷದಲ್ಲಿ ಬೆಳಕಿನ ಮುಂದಿದ್ದ ಪ್ರನಾಳದ ನೀಲಿ ಹೋಗಿ ಬರೀ ತಿಳಿ ಹಸಿರು ಉಳಿಯಿತು. ಕಾಗದ ಬಿಚ್ಚಿದರೆ ಇನ್ನೊಂದು ಹಾಗೇ ನೀಲಿ. ಮನೆಯ ಅಂಗಳದ ಸೊಪ್ಪು, ಕೇಂಬ್ರಿಜ್‌ನಲ್ಲಿ ನಡೆದ ಕೆಲಸವನ್ನು ನನ್ನ ಕೈಯಲ್ಲಿ ಮಾಡಿ ತೋರಿಸಿತ್ತು.

ಆ ಸಂಜೆ ಮನೆಗೆ ಹೋಗಿ ಅಮ್ಮನಿಗೆ, ನಾನು ಎಂ.ಎಸ್ಸಿ. ಮಾಡುತ್ತೇನೆ ಎಂದೆ. ಮನೆಯಲ್ಲಿ ಬಿ.ಎಡ್. ಮಾಡಲಿ ಎಂಬ ಮಾತಿತ್ತು. ಅಮ್ಮ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. ಬಾಳೆನಾರಿನಿಂದ ಕಣ್ಣು ತೆಗೆಯದೆ "ಖರ್ಚು ಎಷ್ಟಾಗುತ್ತದೆ?" ಎಂದು ಕೇಳಿದರು. ಅಷ್ಟೇ. ಕೊಣಾಜೆಯ ಎರಡು ವರ್ಷ ಮಲ್ಲಿಗೆಯ ದುಡ್ಡಿನಲ್ಲಿ ಆಯಿತು. ಮಲ್ಲಿಗೆಗೆ ಮಳೆಗಾಲದ ಆಟಿ ತಿಂಗಳಿನಲ್ಲಿ ರೇಟು ಬೀಳುತ್ತಿತ್ತು, ಆಗೆಲ್ಲ ನನ್ನ ಹಾಸ್ಟೆಲ್ ಫೀಸು ತಡವಾಗುತ್ತಿತ್ತು.

ಸಂಶೋಧನೆಗೆ ಫೆಲೋಶಿಪ್ ಕೊಡುವ ನೆಟ್ ಪರೀಕ್ಷೆ ಎರಡನೇ ಪ್ರಯತ್ನದಲ್ಲಿ ಆಯಿತು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ.ಗೆ ಸೇರಿದೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸಂಶೋಧನೆ ಅಂದರೆ ದಿನಾ ಏನು ಮಾಡುತ್ತಾರೆ ಎಂದು ನಿಮಗೆ ಯಾರೂ ಹೇಳುವುದಿಲ್ಲ.

ನನ್ನ ಕೆಲಸಕ್ಕೆ ಒಡೆಯದ, ಇಡಿಯಾದ ಕ್ಲೋರೋಪ್ಲಾಸ್ಟ್ ಬೇಕಿತ್ತು. ಅದರ ಸುತ್ತ ಎರಡು ತೆಳು ಪೊರೆ ಇರುತ್ತವೆ. ಪೊರೆ ಹರಿದರೆ ಒಳಗಿನದು ಸೋರಿಹೋಗುತ್ತದೆ. ಹಿಲ್ ಅವರ ಪ್ರಯೋಗಕ್ಕೆ ಒಡೆದದ್ದು ನಡೆಯುತ್ತದೆ, ನನಗೆ ನಡೆಯುತ್ತಿರಲಿಲ್ಲ. ಹಾಗಾಗಿ ಎಲ್ಲ ಮಂಜುಗಡ್ಡೆಯ ಮೇಲೆ. ಪಾತ್ರೆ ತಣ್ಣಗೆ, ದ್ರಾವಣ ತಣ್ಣಗೆ, ಕೈಯೂ ತಣ್ಣಗೆ. ದ್ರಾವಣಕ್ಕೆ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ವಸ್ತು ಸರಿಯಾದ ಅಳತೆಯಲ್ಲಿ ಹಾಕಬೇಕು, ಇಲ್ಲದಿದ್ದರೆ ನೀರು ಒಳನುಗ್ಗಿ ಕ್ಲೋರೋಪ್ಲಾಸ್ಟ್ ಒಡೆಯುತ್ತದೆ. ಮಿಕ್ಸಿ ಮೂರು ನಾಲ್ಕು ಸೆಕೆಂಡು ಮಾತ್ರ. ಎಂಟು ಪದರ ಮಲ್ ಬಟ್ಟೆಯಲ್ಲಿ ಸೋಸುವುದು. ಸೆಂಟ್ರಿಫ್ಯೂಜ್ ಎಂಬ ಗಿರಗಿರ ತಿರುಗುವ ಯಂತ್ರದಲ್ಲಿ ಬೇಗ ತಿರುಗಿಸಿ ಬೇಗ ನಿಲ್ಲಿಸುವುದು. ತಳದಲ್ಲಿ ಕೂತ ಹಸಿರನ್ನು ಚಿತ್ರ ಬಿಡಿಸುವ ಮೆತ್ತನೆಯ ಬ್ರಷ್ಷಿನಿಂದ ಮೆಲ್ಲ ಎಬ್ಬಿಸುವುದು.

ಎಂಟು ತಿಂಗಳು ನಾನು ಇದನ್ನು ಮಾಡಿದೆ. ಎಂಟು ತಿಂಗಳೂ ಒಡೆದದ್ದೇ ಸಿಕ್ಕಿತು. ಇಡಿಯಾದವು ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ಹೊಳೆಯುತ್ತವೆ, ಸುತ್ತ ಬೆಳಕಿನ ಉಂಗುರ ಕಾಣುತ್ತದೆ. ಒಡೆದವು ಕಪ್ಪಗೆ, ಒರಟಾಗಿ ಕಾಣುತ್ತವೆ. ನನಗೆ ಕಂಡದ್ದೆಲ್ಲ ಕಪ್ಪು. ದ್ರಾವಣ ಬದಲಿಸಿದೆ, ಬಟ್ಟೆ ಬದಲಿಸಿದೆ, ಮಿಕ್ಸಿಯ ಬ್ಲೇಡು ಬದಲಿಸಿದೆ. ಹಾಸ್ಟೆಲ್ಲಿಗೆ ಹೋಗಿ ಅತ್ತದ್ದೂ ಇದೆ. ನನಗೆ ಇದು ಆಗುವ ಕೆಲಸ ಅಲ್ಲ, ಬಿ.ಎಡ್. ಮಾಡಬೇಕಿತ್ತು ಎಂದು ಊರಿಗೆ ಕಾಗದ ಬರೆದಿದ್ದೆ, ಅಂಚೆಗೆ ಹಾಕಿರಲಿಲ್ಲ.

ಲ್ಯಾಬಿನಲ್ಲಿ ಹಿರಿಯ ಸಹಾಯಕರೊಬ್ಬರಿದ್ದರು. ಹತ್ತನೇ ಕ್ಲಾಸು ಓದಿದವರು, ಇಪ್ಪತ್ತು ವರ್ಷದಿಂದ ಅಲ್ಲಿದ್ದವರು. ಒಂದು ದಿನ ನನ್ನ ಪಕ್ಕ ನಿಂತು, "ಎಲೆ ಎಷ್ಟು ಗಂಟೆಗೆ ಕಿತ್ತಿದ್ದಮ್ಮಾ?" ಎಂದು ಕೇಳಿದರು. ಮಧ್ಯಾಹ್ನ ಎರಡಕ್ಕೆ ಎಂದೆ. "ಬೆಳಕು ಹರಿಯುವ ಮುಂಚೆ ಕಿತ್ತು ನೋಡಿ."

ಕಾರಣ ನನ್ನ ಪಠ್ಯಪುಸ್ತಕದಲ್ಲೇ ಇತ್ತು, ನಾನೇ ಕೂಡಿಸಿ ನೋಡಿರಲಿಲ್ಲ. ಹಗಲಿಡೀ ಕ್ಲೋರೋಪ್ಲಾಸ್ಟ್ ಸಕ್ಕರೆ ಮಾಡುತ್ತದೆ, ಹೆಚ್ಚಾದದ್ದನ್ನು ಪಿಷ್ಟದ ಗಟ್ಟಿ ಹರಳಾಗಿ ಒಳಗೇ ಇಟ್ಟುಕೊಳ್ಳುತ್ತದೆ. ರಾತ್ರಿ ಅದನ್ನು ಖರ್ಚು ಮಾಡುತ್ತದೆ. ಮಧ್ಯಾಹ್ನದ ಎಲೆಯಲ್ಲಿ ಹರಳು ತುಂಬಿರುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ಆ ಹರಳು ಒಳಗಿನಿಂದಲೇ ಪೊರೆಯನ್ನು ಹರಿದು ಹೊರಬರುತ್ತದೆ. ನಾನು ಎಂಟು ತಿಂಗಳು ಕಲ್ಲು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕುಲುಕಿ, ಚೀಲ ಯಾಕೆ ಹರಿಯಿತು ಎಂದು ಕೇಳುತ್ತಿದ್ದೆ. ಮರುದಿನ ಬೆಳಿಗ್ಗೆ ಐದಕ್ಕೆ ಟಾರ್ಚು ಹಿಡಿದು ಹೋಗಿ ಎಲೆ ಕಿತ್ತೆ. ಹತ್ತು ಗಂಟೆಗೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಪೂರ್ತಿ ಹೊಳೆಯುವ ಉಂಗುರಗಳು. ಆ ಕತ್ತಲಲ್ಲಿ ಎಲೆ ಕೀಳುವಾಗ ನನಗೆ ಅಮ್ಮನ ನೆನಪಾಗಿತ್ತು. ಅವರು ಮಲ್ಲಿಗೆ ಮೊಗ್ಗು ಕೀಳುತ್ತಿದ್ದದ್ದು ಅದೇ ಹೊತ್ತಿಗೆ. ಹೊತ್ತು ನೋಡಿ ಕೀಳಬೇಕು ಎಂಬುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ, ಆದರೂ ಅದು ಹೊಳೆಯಲು ಎಂಟು ತಿಂಗಳು ಬೇಕಾಯಿತು. ಆ ಹಿರಿಯರ ಹೆಸರನ್ನು ನನ್ನ ಪ್ರಬಂಧದ ಕೃತಜ್ಞತೆಯಲ್ಲಿ ಮೊದಲು ಬರೆದೆ.

ಈಗ ಬಿಳಿ ಸಸಿಗೆ ಬರುತ್ತೇನೆ.

ಸಂಜೆಮಲ್ಲಿಗೆ ನಿಮಗೆಲ್ಲ ಗೊತ್ತು. ಅಂಗಳದ ಮೂಲೆಯಲ್ಲಿ ತಾನಾಗಿಯೇ ಹುಟ್ಟಿ ಸಂಜೆಗೆ ಅರಳುತ್ತದೆ. ಅದರಲ್ಲಿ ಎಲೆಗೆ ಬಿಳಿ ಮಚ್ಚೆ ಇರುವ ಒಂದು ಬಗೆ ಇದೆ. ಒಂದೇ ಗಿಡದಲ್ಲಿ ಹಸಿರು ಕೊಂಬೆ, ಬಿಳಿ ಕೊಂಬೆ, ಮಚ್ಚೆಯ ಕೊಂಬೆ ಮೂರೂ ಇರುತ್ತವೆ. ಜರ್ಮನಿಯ ಕಾರ್ಲ್ ಕಾರೆನ್ಸ್, ಆನುವಂಶಿಕತೆಯ ಮೆಂಡೆಲ್ ನಿಯಮಗಳನ್ನು 1900ರಲ್ಲಿ ಮತ್ತೆ ಕಂಡುಕೊಂಡವರಲ್ಲಿ ಒಬ್ಬರು, ಈ ಗಿಡ ಹಿಡಿದು ಕೂತರು. ಬಿಳಿ ಕೊಂಬೆಯ ಹೂವಿನ ಪರಾಗ ತೆಗೆದು ಹಸಿರು ಕೊಂಬೆಯ ಹೂವಿಗೆ ಹಾಕಿದರು. ಬೀಜದಿಂದ ಬಂದ ಸಸಿಗಳೆಲ್ಲ ಹಸಿರು. ತಿರುಗಿಸಿ ಮಾಡಿದರು, ಹಸಿರಿನ ಪರಾಗ ಬಿಳಿ ಕೊಂಬೆಯ ಹೂವಿಗೆ. ಎಲ್ಲ ಬಿಳಿ, ಎಲ್ಲವೂ ಸತ್ತವು. ಮಚ್ಚೆಯ ಕೊಂಬೆಯ ಬೀಜದಿಂದ ಮೂರೂ ಬಗೆ ಬಂದವು. ಅಪ್ಪ ಯಾರೆಂಬುದು ಲೆಕ್ಕಕ್ಕೇ ಬರಲಿಲ್ಲ. 1909ರಲ್ಲಿ ಇದು ಪ್ರಕಟವಾಯಿತು. ಮೆಂಡೆಲ್ ಲೆಕ್ಕದಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಸಮ ಪಾಲು. ಇಲ್ಲಿ ಪೂರ್ತಿ ಅಮ್ಮನದೇ. ಮೆಂಡೆಲ್‌ನನ್ನು ಜಗತ್ತಿಗೆ ತೋರಿಸಿದವರಲ್ಲಿ ಒಬ್ಬರೇ ಮೆಂಡೆಲ್ ನಿಯಮಕ್ಕೆ ಒಗ್ಗದ್ದನ್ನೂ ತೋರಿಸಿದರು. ತನಗೆ ಕಂಡದ್ದನ್ನು ಮುಚ್ಚಿಡದ ಆ ಪ್ರಾಮಾಣಿಕತೆ ನನಗೆ ತುಂಬಾ ದೊಡ್ಡದು ಅನಿಸುತ್ತದೆ.

ಅದೇ ವರ್ಷ ಎರ್ವಿನ್ ಬೌರ್ ಎಂಬ ಇನ್ನೊಬ್ಬರು, ಈ ಗುಣವನ್ನು ಹೊತ್ತು ಸಾಗಿಸುವುದು ಎಲೆಯ ಆ ಕಾಳುಗಳೇ ಎಂದರು. ಇಲ್ಲಿ ಅಪ್ಪನ ಪಾಲು ಯಾಕಿಲ್ಲ ಅಂದರೆ, ಬಹುತೇಕ ಹೂಬಿಡುವ ಗಿಡಗಳಲ್ಲಿ ಆ ಕಾಳುಗಳು ಅಂಡಕೋಶದ ಮೂಲಕವೇ ಮುಂದಿನ ತಲೆಮಾರಿಗೆ ಹೋಗುತ್ತವೆ. ಆದರೆ ಕ್ಲೋರೋಪ್ಲಾಸ್ಟಿನೊಳಗೆ ಡಿಎನ್ಎ ಇದೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣಿಸಿದ್ದು 1962ರಲ್ಲಿ. ನಡುವೆ 53 ವರ್ಷ. ತಂಬಾಕಿನ ಕ್ಲೋರೋಪ್ಲಾಸ್ಟಿನ ಡಿಎನ್ಎಯನ್ನು ಪೂರ್ತಿ ಓದಿ ಮುಗಿಸಿದ್ದು 1986ರಲ್ಲಿ, ಜಪಾನಿನಲ್ಲಿ. ಸುಮಾರು 1.5 ಲಕ್ಷ ಅಕ್ಷರ, 120ರ ಆಸುಪಾಸಿನ ಜೀನುಗಳು. ನಮ್ಮ ತೆಂಗಿನದನ್ನೂ 2013ರಲ್ಲಿ ಓದಿದ್ದಾರೆ, ಅದೂ ಹೆಚ್ಚು ಕಡಿಮೆ ಅಷ್ಟೇ ಉದ್ದ. ಅದು ನನಗೆ ಸಿಕ್ಕ ದಿನ ಕಂಪ್ಯೂಟರಿನಲ್ಲಿ ತೆರೆದು ಸುಮ್ನೆ ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ಅದರಿಂದ ಏನೂ ಲೆಕ್ಕ ಹಾಕಬೇಕಿರಲಿಲ್ಲ.

ಹಾಗಾದರೆ ಅಪ್ಪನ ಪಾತಿಯ ಸಸಿಯ ತಪ್ಪು ಈ 120 ಜೀನುಗಳಲ್ಲಿ ಒಂದರಲ್ಲಿ ಇತ್ತಾ? ಇರಬಹುದು. ಆದರೆ ಲೆಕ್ಕ ಅಷ್ಟು ಸುಲಭ ಇಲ್ಲ. ಒಂದು ಕ್ಲೋರೋಪ್ಲಾಸ್ಟ್ ಕೆಲಸ ಮಾಡಲು ಎರಡು ಮೂರು ಸಾವಿರ ಬಗೆಯ ಪ್ರೋಟೀನು ಬೇಕು. ಅದರ ಬಳಿ ಇರುವುದು 120 ಜೀನು. ಉಳಿದದ್ದೆಲ್ಲ ಜೀವಕೋಶದ ಕೇಂದ್ರವಾದ ನ್ಯೂಕ್ಲಿಯಸ್ಸಿನಲ್ಲಿದೆ. ನೂರು ಕೋಟಿ ವರ್ಷಕ್ಕೂ ಹಿಂದೆ ಕ್ಲೋರೋಪ್ಲಾಸ್ಟಿನ ಪೂರ್ವಜರು ನೀರಿನಲ್ಲಿ ಸ್ವತಂತ್ರವಾಗಿ ಬದುಕುತ್ತಿದ್ದ ಬ್ಯಾಕ್ಟೀರಿಯಾಗಳು. ಇನ್ನೊಂದು ಜೀವಕೋಶದ ಒಳಗೆ ಸೇರಿ ಅಲ್ಲೇ ಉಳಿದವು. ಕಾಲಕ್ರಮದಲ್ಲಿ ಅವುಗಳ ಹೆಚ್ಚಿನ ಜೀನುಗಳು ನ್ಯೂಕ್ಲಿಯಸ್ಸಿಗೆ ಹೋದವು. ಲಿನ್ ಮಾರ್ಗುಲಿಸ್ 1967ರಲ್ಲಿ ಈ ವಾದವನ್ನು ವಿಸ್ತಾರವಾಗಿ ಮುಂದಿಟ್ಟಾಗ, ಅದಕ್ಕೆ ಮೊದಲು ಹದಿನೈದರಷ್ಟು ಪತ್ರಿಕೆಗಳು ಲೇಖನ ವಾಪಸ್ ಕಳಿಸಿದ್ದವು ಎಂದು ಅವರೇ ಹೇಳಿಕೊಂಡಿದ್ದಾರೆ. ನಿಮ್ಮ ಮೊದಲ ಲೇಖನ ವಾಪಸ್ ಬಂದಾಗ ಇದನ್ನು ನೆನಪು ಮಾಡಿಕೊಳ್ಳಿ.

ಆ ಸಾವಿರಾರು ಪ್ರೋಟೀನು ಹೊರಗೆ ತಯಾರಾಗಿ ಒಳಗೆ ಬರಬೇಕು. ಹೇಗೆ ಬರುತ್ತದೆ? ಇಲ್ಲಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಪಾರ್ಸೆಲ್ ಕಳಿಸುತ್ತೇವಲ್ಲ, ಮೇಲೆ ಹೆಸರು, ನಂಬರು ಬರೆದ ಚೀಟಿ ಅಂಟಿಸಿ? ಹಾಗೇ ಪ್ರೋಟೀನಿನ ತುದಿಯಲ್ಲಿ ಒಂದು ಚೀಟಿ ಇರುತ್ತದೆ. ಕ್ಲೋರೋಪ್ಲಾಸ್ಟಿನ ಬಾಗಿಲು ಆ ಚೀಟಿ ಓದಿ ಒಳಗೆ ಬಿಡುತ್ತದೆ. ಒಳಗೆ ಬಂದ ಮೇಲೆ ಚೀಟಿಯನ್ನು ಕತ್ತರಿಸಿ ತೆಗೆಯಲಾಗುತ್ತದೆ. 1978ರಲ್ಲಿ ಬ್ರಿಟನ್ನಿನ ಹೈಫೀಲ್ಡ್ ಮತ್ತು ಎಲ್ಲಿಸ್ ಬಟಾಣಿ ಎಲೆಯ ಕ್ಲೋರೋಪ್ಲಾಸ್ಟ್ ಬಳಸಿ, ಹೊರಗೆ ತಯಾರಾದ ಪ್ರೋಟೀನು ಒಳಗೆ ಹೋಗುವುದನ್ನು ಪ್ರನಾಳದಲ್ಲೇ ತೋರಿಸಿದರು. ಇಡಿಯಾದ ಕ್ಲೋರೋಪ್ಲಾಸ್ಟ್ ಇಲ್ಲದಿದ್ದರೆ ಅದು ಆಗುವ ಕೆಲಸವೇ ಅಲ್ಲ. ನನ್ನ ಪಿಎಚ್.ಡಿ. ಇದೇ ದಾರಿಯ ಒಂದು ಸಣ್ಣ ತಿರುವಿನಲ್ಲಿ ನಡೆಯಿತು.

ಅಂದರೆ ಒಂದು ಎಲೆಗೆ ಎರಡು ಮನೆಯ ಜೀನುಗಳು. ಎರಡರಲ್ಲಿ ಎಲ್ಲಿ ತಪ್ಪಾದರೂ ಸಸಿ ಬಿಳಿ.

ಪಿಎಚ್.ಡಿ. ಮುಗಿಸಿ ಜರ್ಮನಿಗೆ ಹೋದೆ. ಅಲ್ಲಿ ಬಾರ್ಲಿಯ ಒಂದು ಬಗೆಯ ಮೇಲೆ ಕೆಲಸ ನಡೆಯುತ್ತಿತ್ತು. ಅದರ ಎಲೆಯಲ್ಲಿ ಹಸಿರು ಬಿಳಿ ಪಟ್ಟೆಗಳು, ಕೆಲವು ಸಸಿ ಪೂರ್ತಿ ಬಿಳಿ. ಹಾಗೆಮನ್ ಮತ್ತು ಶೋಲ್ಜ್ ಎಂಬವರು 1962ರಲ್ಲಿ ಇದರ ವಿಚಿತ್ರವನ್ನು ವರದಿ ಮಾಡಿದ್ದರು. ತಪ್ಪು ಶುರುವಾಗುವುದು ನ್ಯೂಕ್ಲಿಯಸ್ಸಿನ ಒಂದು ಜೀನಿನಲ್ಲಿ. ಅದರಿಂದ ಕ್ಲೋರೋಪ್ಲಾಸ್ಟ್ ತನ್ನ ರೈಬೋಸೋಮುಗಳನ್ನು ಕಳೆದುಕೊಳ್ಳುತ್ತದೆ. ರೈಬೋಸೋಮು ಅಂದರೆ ಪ್ರೋಟೀನು ಕಟ್ಟುವ ಯಂತ್ರ. ಆ ಯಂತ್ರವನ್ನು ಹೊಸದಾಗಿ ಕಟ್ಟಲೂ ಅದೇ ಯಂತ್ರ ಮಾಡಿಕೊಡುವ ಪ್ರೋಟೀನು ಬೇಕು. ಒಮ್ಮೆ ಪೂರ್ತಿ ಹೋದರೆ ಮತ್ತೆ ಹುಟ್ಟುವುದಿಲ್ಲ. ಹೆಪ್ಪು ಹಾಕಲು ಮನೆಯಲ್ಲಿ ಒಂದು ಚಮಚವೂ ಮೊಸರು ಉಳಿಯದ ಹಾಗೆ. ಈಗ ಆ ಪಟ್ಟೆಯ ತಾಯಿಗೆ ಆರೋಗ್ಯವಂತ ಗಿಡದ ಪರಾಗ ಹಾಕಿ, ಮಕ್ಕಳಿಗೆ ಒಳ್ಳೆಯ ಜೀನು ಕೊಡಿ. ಆದರೂ ಎಷ್ಟೋ ಮಕ್ಕಳು ಬಿಳಿಯಾಗುತ್ತವೆ, ಅಥವಾ ಪಟ್ಟೆಯಾಗುತ್ತವೆ. ಅಮ್ಮನ ಬಿಳಿ ಭಾಗದಿಂದ ಬಂದ ಕ್ಲೋರೋಪ್ಲಾಸ್ಟಿಗೆ ಯಂತ್ರವೇ ಇಲ್ಲವಲ್ಲ.

ತಪ್ಪು ನ್ಯೂಕ್ಲಿಯಸ್ಸಿನದಾ, ಕ್ಲೋರೋಪ್ಲಾಸ್ಟಿನದಾ ಎಂದು ನಾನು ಅಷ್ಟು ವರ್ಷ ಕೇಳುತ್ತಿದ್ದೆ. ಈ ಬಾರ್ಲಿಯಲ್ಲಿ ಉತ್ತರ ಎರಡೂ. ಒಂದು ಮನೆಯಲ್ಲಿ ಶುರುವಾದ ತಪ್ಪು ಇನ್ನೊಂದು ಮನೆಯಲ್ಲಿ ಖಾಯಂ ಆಗಿಬಿಟ್ಟಿದೆ. ಇನ್ನೂ ಒಂದು ವಿಷಯ ಇದೆ. ಈ ಬಿಳಿ ಎಲೆಗಳಲ್ಲಿ ನ್ಯೂಕ್ಲಿಯಸ್ಸು ಕೂಡ ದ್ಯುತಿಸಂಶ್ಲೇಷಣೆಯ ಜೀನುಗಳ ಕೆಲಸವನ್ನು ತಗ್ಗಿಸುತ್ತದೆ. ಒಳಗೆ ತೆಗೆದುಕೊಳ್ಳುವವರಿಲ್ಲ, ಇನ್ನು ಕಳಿಸಬೇಡಿ ಎಂಬ ಸುದ್ದಿ ಹೇಗೋ ಅಲ್ಲಿಗೆ ಮುಟ್ಟಿದೆ. 1979ರಲ್ಲೇ ಈ ಬಾರ್ಲಿಯಿಂದ ಅದರ ಸುಳಿವು ಸಿಕ್ಕಿತ್ತು. ಆ ಸುದ್ದಿ ಯಾವುದು, ಯಾರು ಹೊತ್ತು ತರುತ್ತಾರೆ ಎಂಬುದು ಇವತ್ತಿಗೂ ಪೂರ್ತಿ ಬಿಡಿಸದ ಪ್ರಶ್ನೆ. ಇಲ್ಲಿ ಕೂತವರಿಗೆ ಕೆಲಸ ಬಾಕಿ ಇದೆ ಎಂದು ಗಟ್ಟಿಯಾಗಿ ಹೇಳುತ್ತೇನೆ.

ಅದನ್ನು ಹುಡುಕಿದವರಲ್ಲಿ ನಾನು ತುಂಬಾ ಗೌರವಿಸುವವರು ಜೋಆನ್ ಕೋರಿ. ಅಮೆರಿಕದವರು, 2024ರಲ್ಲಿ ತೀರಿಕೊಂಡರು. ಅವರ ಪಿಎಚ್.ಡಿ. ಬ್ಯಾಕ್ಟೀರಿಯಾಗಳ ಮೇಲೆ, ಗಿಡಕ್ಕೆ ಬಂದದ್ದು ಆಮೇಲೆ. ಅವರು ಕೇಳಿದ ಪ್ರಶ್ನೆ ನಿಮಗೂ ಗೊತ್ತಿರುವುದೇ. ಮಳೆಗಾಲದಲ್ಲಿ ಅಂಗಳದ ಹುಲ್ಲಿನ ಮೇಲೆ ಒಂದು ಹಲಗೆ ಬಿದ್ದಿದ್ದರೆ, ಹತ್ತು ದಿನ ಬಿಟ್ಟು ಎತ್ತಿದಾಗ ಅಡಿಯ ಹುಲ್ಲು ಹಳದಿ, ಉದ್ದ, ಬಡಕಲು. ಬೆಳಕು ಬಿದ್ದ ಮೇಲೆ ಒಂದೆರಡು ದಿನದಲ್ಲಿ ಹಸಿರಾಗುತ್ತದೆ. ಕತ್ತಲಿನಲ್ಲಿ ಗಿಡ ಕ್ಲೋರೋಪ್ಲಾಸ್ಟನ್ನು ಯಾಕೆ ಪೂರ್ತಿ ಮಾಡುವುದಿಲ್ಲ? ಕೋರಿ ಹುಡುಕಿದ್ದು ಇದಕ್ಕೆ ತಿರುಗಾಮುರುಗಾ ಇರುವ ಗಿಡವನ್ನು, ಕತ್ತಲಲ್ಲಿಟ್ಟರೂ ಬೆಳಕಿನಲ್ಲಿದ್ದ ಹಾಗೆ ಬೆಳೆಯುವ ಸಸಿಯನ್ನು. 1989ರಲ್ಲಿ ಅಂಥ ಒಂದನ್ನು ಪ್ರಕಟಿಸಿದರು. ಅಂದರೆ ಬೆಳಕಿನ ಕೆಲಸವನ್ನು ಕತ್ತಲಿನಲ್ಲಿ ಗಿಡ ತಾನಾಗಿ ತಡೆದಿಟ್ಟಿರುತ್ತದೆ, ಆ ತಡೆ ಮುರಿದಿದೆ. ಪಾರ್ಕಿನ್ಸನ್ ಕಾಯಿಲೆ ಬಂದ ಮೇಲೂ ಎಷ್ಟೋ ವರ್ಷ ಅವರು ಲ್ಯಾಬು ನಡೆಸಿದರು.

ನನ್ನ ಮಾತಿಗೆ ಬಂದರೆ, ಜರ್ಮನಿಯಿಂದ ಬಂದ ಮೇಲೆ ಮಗಳು ಹುಟ್ಟಿದಳು. ಮೂರು ವರ್ಷ ಕೆಲಸ ಇಲ್ಲ. ಒಂದು ಸಂಸ್ಥೆಯ ಸಂದರ್ಶನದಲ್ಲಿ ಕ್ಲೋರೋಪ್ಲಾಸ್ಟ್ ಬಗ್ಗೆ ಎರಡು ಪ್ರಶ್ನೆ ಕೇಳಿದರು, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನಾಲ್ಕು. ಕೆಲಸ ಸಿಗಲಿಲ್ಲ. ಅದು ತಪ್ಪು, ಇವತ್ತಿಗೂ ತಪ್ಪು. ನಿಮ್ಮಲ್ಲಿ ಯಾರಿಗಾದರೂ ಹಾಗೆ ಕೇಳಿದರೆ ತಪ್ಪು ನಿಮ್ಮದು ಅಂದುಕೊಳ್ಳಬೇಡಿ. ಕೆಲಸದಲ್ಲಿ ಬಿಡುವು ಬಿದ್ದ ಹೆಂಗಸರಿಗೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಒಂದು ಯೋಜನೆ ಇತ್ತು, ಅದರಿಂದ ನಾನು ವಾಪಸ್ ಬಂದೆ. ಈಗಲೂ ಬೇರೆ ಹೆಸರಿನಲ್ಲಿ ಅಂಥ ಯೋಜನೆಗಳಿವೆ. ಆಮೇಲೆ ಪಾಠ, ಒಂದು ಸಣ್ಣ ಲ್ಯಾಬು, ಕೆಲವು ವಿದ್ಯಾರ್ಥಿಗಳು. ದೊಡ್ಡ ಹೆಸರೇನೂ ಇಲ್ಲ. ಆದರೆ ದಿನಾ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುವಾಗ ಈಗಲೂ ಖುಷಿ ಆಗುತ್ತದೆ.

ದುಡ್ಡಿನ ವಿಷಯ ಹಿಂದಿನ ಸಾಲಿನಲ್ಲಿ ಕೂತ ತಂದೆ ತಾಯಿಯರಿಗಾಗಿ. ಎಂ.ಎಸ್ಸಿ. ಮುಗಿಸಿ ಸಿಎಸ್ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ, 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಮನೆಯಿಂದ ದುಡ್ಡು ಕಳಿಸಬೇಕಾಗಿಲ್ಲ. ಡಿಗ್ರಿಯಲ್ಲಿರುವಾಗಲೇ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕಿ, ಎರಡು ತಿಂಗಳು ಒಳ್ಳೆಯ ಲ್ಯಾಬಿನಲ್ಲಿ ಕೆಲಸ ನೋಡಬಹುದು. ದೂರ ಹೋಗಲು ಮನೆಯಲ್ಲಿ ಬಿಡದಿದ್ದರೆ ಕಾಸರಗೋಡಿನಲ್ಲಿ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, ವಿಟ್ಲದಲ್ಲಿ ಅದರ ಕೇಂದ್ರ ಇದೆ, ಪುತ್ತೂರಿನಲ್ಲಿ ಗೇರು ಸಂಶೋಧನೆ ಇದೆ. ಹೋಗಿ ಸುಮ್ನೆ ನೋಡಿಕೊಂಡಾದರೂ ಬನ್ನಿ. ಪಿಎಚ್.ಡಿ. ಆದ ಮೇಲೆ ಖಾಯಂ ಕೆಲಸಕ್ಕೆ ವರ್ಷಗಟ್ಟಲೆ ಕಾಯಬೇಕಾಗಬಹುದು, ಅದನ್ನು ಮುಚ್ಚಿಡುವುದಿಲ್ಲ. ನೀಟ್ ಸಿಗಲಿಲ್ಲ ಅದಕ್ಕೇ ಬಾಟನಿ ಎಂದು ಯಾರಾದರೂ ನಿಮ್ಮ ಎದುರು ಹೇಳಿದರೆ ಮಾತ್ರ ನನಗೆ ಬೇಜಾರಾಗುತ್ತದೆ. ನಾನು ಬಾಟನಿಯನ್ನು ಮೊದಲನೆಯದಾಗಿಯೇ ಆರಿಸಿಕೊಂಡವಳು.

ಮಾತು ಮುಗಿದ ಮೇಲೆ ಪ್ರಶ್ನೆಗಳಿದ್ದವು. ಮೂರನೇ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮೇಡಂ, ಆ ಬಿಳಿ ಸಸಿಗೆ ಸಕ್ಕರೆ ನೀರು ಹಾಕಿದ್ದರೆ ಬದುಕುತ್ತಿತ್ತಾ?"

ಬುಡಕ್ಕೆ ಸಕ್ಕರೆ ನೀರು ಹಾಕಿದರೆ ಇರುವೆ ಬರುತ್ತದೆ, ಶಿಲೀಂಧ್ರ ಬರುತ್ತದೆ, ಸಸಿಗೆ ಸಿಗುವುದಿಲ್ಲ ಎಂದೆ. ಆದರೆ ಕ್ರಿಮಿ ಇಲ್ಲದ ಬಾಟಲಿಯಲ್ಲಿ, ಸಕ್ಕರೆ ಹಾಕಿದ ಅಗರ್ ಎಂಬ ಜೆಲ್ಲಿಯ ಮೇಲೆ, ಬಿಳಿ ತಂಬಾಕಿನ ಸಸಿಗಳನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಇನ್ನೊಂದು ದಾರಿಯೂ ಇದೆ. ಸಂಜೆಮಲ್ಲಿಗೆಯ ಬಿಳಿ ಕೊಂಬೆ ಹೂ ಬಿಟ್ಟಿತಲ್ಲ, ಕಾರೆನ್ಸ್ ಅದರ ಪರಾಗ ತೆಗೆದರಲ್ಲ, ಅದು ಹೇಗೆ ಬದುಕಿತ್ತು? ಪಕ್ಕದ ಹಸಿರು ಕೊಂಬೆ ಅದಕ್ಕೂ ಊಟ ಕೊಡುತ್ತಿತ್ತು.

ಅವಳು ಕೂರಲಿಲ್ಲ. "ನಮ್ಮ ಅಜ್ಜಿ ಮನೆಯ ಅಡಿಕೆ ಸಸಿಯಲ್ಲಿ ಈಗ ಒಂದು ಬಿಳಿ ಬಂದಿದೆ" ಎಂದು ಫೋನು ತೆಗೆದು ತೋರಿಸಿದಳು. ಕಪ್ಪು ಪ್ಲಾಸ್ಟಿಕ್ ತೊಟ್ಟೆಯ ಸಾಲು, ಎಲ್ಲ ಹಸಿರು, ನಡುವೆ ಒಂದು ಮೇಣದ ಬಿಳಿ. ಅಜ್ಜ ಭಾನುವಾರ ಕಿತ್ತು ಹಾಕುತ್ತಾರಂತೆ.

ಕೀಳಲು ಬಿಡಬೇಡ ಎಂದೆ. ಒಂದು ಪುಸ್ತಕ ಇಡು, ತಾರೀಕು ಬರಿ, ಪ್ರತಿ ಭಾನುವಾರ ಎಲೆಯ ಉದ್ದ ಅಳೆದು ಬರಿ, ಪಕ್ಕದ ಒಂದು ಹಸಿರು ಸಸಿಯದ್ದೂ ಬರಿ.

ಮೊನ್ನೆ ಅವಳ ಮೆಸೇಜ್ ಬಂತು. ಎರಡನೇ ಎಲೆ ಬಿಚ್ಚಿದೆ, 11 ಸೆಂಟಿಮೀಟರ್, ಪಕ್ಕದ ಹಸಿರಿನದು 14. ಅಜ್ಜ ಈಗ ತಾವೇ ನೀರು ಹಾಕುತ್ತಿದ್ದಾರಂತೆ.